ಜರ್ಮನಿಯಲ್ಲಿ ಓದಬೇಕೆ? ಕೊಯಮತ್ತೂರು, ತಿರುಪ್ಪೂರು ವಿದ್ಯಾರ್ಥಿಗಳಿಗೆ ಅರ್ಜಿ ಕೈಪಿಡಿ

ಕೊಯಮತ್ತೂರು: ಎಂಜಿನಿಯರಿಂಗ್ ಮುಗಿಸಿದ ಮಕ್ಕಳು ಮುಂದಿನ ಓದಿಗೆ ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗುವುದು ಕೊಯಮತ್ತೂರು ಭಾಗದಲ್ಲಿ ಹಳೆಯ ಮಾತು. ಈಚಿನ ವರ್ಷಗಳಲ್ಲಿ ಆ ಪಟ್ಟಿಯಲ್ಲಿ ಜರ್ಮನಿ ಮೇಲಕ್ಕೆ ಬಂದಿದೆ. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49,000ಕ್ಕೂ ಹೆಚ್ಚು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು ನಮ್ಮವರದೇ.

ಕಾರಣ ಸರಳ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ‘ಫೀಸು ಇಲ್ಲ’ ಎಂದರೆ ‘ಖರ್ಚು ಇಲ್ಲ’ ಎಂದು ಅರ್ಥವಲ್ಲ. ಸಿರುಮುಗೈಯ ನೇಕಾರ ಕುಟುಂಬವಿರಲಿ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿಯುವ ಮನೆಯಿರಲಿ, ಬೇಸಾಯ ನಂಬಿದ ಒಕ್ಕಲು ಮನೆಯಿರಲಿ, ಸುಮಾರು ಹನ್ನೆರಡು ಲಕ್ಷ ರೂಪಾಯಿ ಮುಂಗಡವಾಗಿ ಹೊಂದಿಸಬೇಕೆಂದರೆ ಅದು ಸಣ್ಣ ಮಾತಲ್ಲ. ಒಂದು ಕಾಗದ ತಪ್ಪಿದರೆ ಆರು ತಿಂಗಳೋ ಒಂದು ವರ್ಷವೋ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಇಡೀ ದಾರಿಯನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ಈ ಎರಡು ಜಿಲ್ಲೆಗಳ ಕನ್ನಡ ಮನೆಮಾತಿನ ವಿದ್ಯಾರ್ಥಿಗಳು ಮತ್ತು ಹೆತ್ತವರಿಗಾಗಿ ಆ ಮಾಹಿತಿ ಇಲ್ಲಿದೆ.

ಯಾರು ಅರ್ಜಿ ಹಾಕಬಹುದು?

ಇಲ್ಲಿಂದ ಹೋಗುವವರಲ್ಲಿ ಹೆಚ್ಚಿನವರು ಸ್ನಾತಕೋತ್ತರ ಪದವಿಗೆ, ಅಂದರೆ ಮಾಸ್ಟರ್ಸ್‌ಗೆ ಹೋಗುತ್ತಾರೆ. ಅದಕ್ಕೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ ಬೇಕು. ನಿಮ್ಮ ವಿಶ್ವವಿದ್ಯಾಲಯಕ್ಕೆ ಜರ್ಮನಿಯಲ್ಲಿ ಮಾನ್ಯತೆ ಇದೆಯೇ ಎಂದು ನೋಡಲು ‘ಅನಾಬಿನ್’ ಎಂಬ ಸರ್ಕಾರಿ ಮಾಹಿತಿಕೋಶ ಇದೆ. ಅದರಲ್ಲಿ ಸಂಸ್ಥೆಯ ಹೆಸರಿನ ಮುಂದೆ ‘ಎಚ್ ಪ್ಲಸ್’ ಎಂದಿದ್ದರೆ ಮಾನ್ಯತೆ ಇದೆ ಎಂದರ್ಥ. ‘ಎಚ್ ಮೈನಸ್’ ಎಂದಿದ್ದರೆ ಇಲ್ಲ. ಎರಡೂ ಚಿಹ್ನೆ ಇದ್ದರೆ ಪದವಿಯನ್ನು ಪ್ರತ್ಯೇಕವಾಗಿ ಪರಿಶೀಲಿಸುತ್ತಾರೆ. ಅಂಗಸಂಸ್ಥೆ ಕಾಲೇಜಿನಲ್ಲಿ ಓದಿದವರು ಕಾಲೇಜಿನ ಹೆಸರನ್ನಷ್ಟೇ ಹುಡುಕಿದರೆ ಸಾಲದು. ಪದವಿ ಪತ್ರ ಕೊಡುವ ಅಣ್ಣಾ ವಿಶ್ವವಿದ್ಯಾಲಯ ಅಥವಾ ಭಾರತಿಯಾರ್ ವಿಶ್ವವಿದ್ಯಾಲಯದ ಹೆಸರನ್ನೂ ಹುಡುಕಬೇಕು.

12ನೇ ತರಗತಿ ಮುಗಿಸಿ ನೇರವಾಗಿ ಪದವಿಗೆ ಹೋಗಬಹುದೇ ಎಂದು ಹೆತ್ತವರು ಕೇಳುವುದುಂಟು. ನಮ್ಮ 12ನೇ ತರಗತಿಯನ್ನು, ಕರ್ನಾಟಕದ ದ್ವಿತೀಯ ಪಿಯುಸಿಯನ್ನೂ ಸೇರಿಸಿ, ಜರ್ಮನಿಯವರು ತಮ್ಮ ಶಾಲಾಂತ್ಯ ಪರೀಕ್ಷೆಗೆ ಸಮ ಎಂದು ಒಪ್ಪುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಮೂರು ದಾರಿಗಳಿವೆ. ಜೆಇಇ ಅಡ್ವಾನ್ಸ್‌ಡ್ ಪಾಸಾದವರಿಗೆ ತಾಂತ್ರಿಕ ವಿಷಯಗಳಲ್ಲಿ ನೇರ ಅವಕಾಶ ಇದೆ. ಭಾರತದ ಮಾನ್ಯ ವಿಶ್ವವಿದ್ಯಾಲಯದಲ್ಲಿ ಪದವಿಯ ಆರಂಭದ ಹಂತವನ್ನು ಯಶಸ್ವಿಯಾಗಿ ಮುಗಿಸಿದವರು ಅದೇ ವಿಷಯದಲ್ಲಿ ಸೇರಬಹುದು. ಉಳಿದವರು ‘ಸ್ಟೂಡಿಯನ್‌ಕೊಲೆಗ್’ ಎಂಬ ಪೂರ್ವಸಿದ್ಧತಾ ಕೋರ್ಸನ್ನು ಸಾಮಾನ್ಯವಾಗಿ ಎರಡು ಸೆಮಿಸ್ಟರ್ ಓದಿ, ಕೊನೆಯ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಸೇರಲು ಪ್ರವೇಶ ಪರೀಕ್ಷೆ ಇರುತ್ತದೆ, ಜರ್ಮನ್ ಭಾಷೆಯೂ ಬೇಕು.

ಎಲ್ಲಿ, ಯಾವ ಕೋರ್ಸ್?

ಜರ್ಮನಿಯಲ್ಲಿ ಎರಡು ಬಗೆಯ ಉನ್ನತ ಶಿಕ್ಷಣ ಸಂಸ್ಥೆಗಳು ಮುಖ್ಯ. ಸಂಶೋಧನೆಗೆ ಒತ್ತು ಕೊಡುವ ವಿಶ್ವವಿದ್ಯಾಲಯ ಮತ್ತು ತಾಂತ್ರಿಕ ವಿಶ್ವವಿದ್ಯಾಲಯಗಳು ಒಂದು ಬಗೆ. ಕೈಗಾರಿಕೆಗೆ ಹತ್ತಿರವಾದ, ಪ್ರಾಯೋಗಿಕ ಕಲಿಕೆಗೆ ಒತ್ತು ಕೊಡುವ ‘ಹೋಖ್‌ಶೂಲೆ’ಗಳು, ಅಂದರೆ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯಗಳು ಇನ್ನೊಂದು ಬಗೆ. ಕಾರ್ಖಾನೆಯಲ್ಲಿ ಕೆಲಸ ಮಾಡುವ ಆಸೆ ಇರುವವರಿಗೆ ಎರಡನೆಯದೂ ಒಳ್ಳೆಯದೇ. ಅದು ಕೆಳದರ್ಜೆ ಎಂದು ತಿಳಿಯುವುದು ಸರಿಯಲ್ಲ.

ನಮ್ಮ ಜಿಲ್ಲೆಗಳ ಕಸುಬಿಗೂ ಜರ್ಮನಿಗೂ ಹಳೆಯ ನಂಟಿದೆ. ಹೆಣಿಗೆ ಯಂತ್ರಕ್ಕೆ ಬೇಕಾದ ಸೂಜಿ ಎಂದ ಕೂಡಲೇ ತಿರುಪ್ಪೂರಿನವರಿಗೆ ನೆನಪಾಗುವ ಗ್ರೋಟ್ಸ್-ಬೆಕರ್ಟ್ ಕಂಪನಿ ಜರ್ಮನಿಯ ಆಲ್ಬ್‌ಸ್ಟಾಟ್ ಪಟ್ಟಣದ್ದು. ಜವಳಿ ಓದುವವರಿಗೆ ಮೊಂಚನ್‌ಗ್ಲಾಡ್‌ಬಾಖ್‌ನ ನೀಡರ್‌ರೈನ್ ಹೋಖ್‌ಶೂಲೆ, ರಾಯ್ಟ್‌ಲಿಂಗೆನ್ ಹೋಖ್‌ಶೂಲೆ, ಆಖೆನ್‌ನ ಆರ್‌ಡಬ್ಲ್ಯುಟಿಎಚ್, ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯ ಮುಖ್ಯವಾದವು. ಕೊಯಮತ್ತೂರಿನ ಫೌಂಡ್ರಿಗಳನ್ನು ನೋಡಿ ಬೆಳೆದವರಿಗೆ 1765ರಲ್ಲಿ ಆರಂಭವಾದ ಫ್ರೈಬರ್ಗ್ ಗಣಿಗಾರಿಕಾ ವಿಶ್ವವಿದ್ಯಾಲಯದ ಲೋಹವಿಜ್ಞಾನ ವಿಭಾಗಗಳು ಆಸಕ್ತಿ ಹುಟ್ಟಿಸಬಹುದು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಸ್ಟುಟ್‌ಗಾರ್ಟ್‌ನ ಹೊಹೆನ್‌ಹೈಮ್ ವಿಶ್ವವಿದ್ಯಾಲಯ ಇದೆ.

ಕಲಾ ವಿಭಾಗದವರಿಗೂ ದಾರಿ ಉಂಟು. ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆ 1962ರಿಂದ ನಡೆಯುತ್ತಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಂಡ್ ಕಿಟೆಲ್ ಇಬ್ಬರೂ ಜರ್ಮನಿಯವರೇ ಎಂಬುದನ್ನು ಕನ್ನಡಿಗರಿಗೆ ನೆನಪಿಸಬೇಕಿಲ್ಲ.

ಕೋರ್ಸ್ ಹುಡುಕಲು ಡಿಎಎಡಿ ಸಂಸ್ಥೆಯ ಜಾಲತಾಣವೇ ಮೊದಲ ಮೆಟ್ಟಿಲು. ಇಂಗ್ಲಿಷ್‌ನಲ್ಲಿ ಕಲಿಸುವ ಕೋರ್ಸ್‌ಗಳು, ಅವುಗಳ ಶುಲ್ಕ, ಕೊನೆಯ ದಿನಾಂಕ ಎಲ್ಲವೂ ಅಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಹುಡುಕಿ, ಆಮೇಲೆ ಆಯಾ ವಿಶ್ವವಿದ್ಯಾಲಯದ ಪುಟದಲ್ಲಿ ಮತ್ತೊಮ್ಮೆ ಖಚಿತ ಮಾಡಿಕೊಳ್ಳಿ.

ಮೊದಲ ಹೆಜ್ಜೆ: ಎಪಿಎಸ್ ಪ್ರಮಾಣಪತ್ರ

2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳು ವೀಸಾ ಅರ್ಜಿಯ ಜೊತೆ ಎಪಿಎಸ್ ಪ್ರಮಾಣಪತ್ರ ಕೊಡುವುದು ಕಡ್ಡಾಯ. ನಿಮ್ಮ ಅಂಕಪಟ್ಟಿ, ಪದವಿ ಪತ್ರಗಳು ಅಸಲಿ ಎಂದು ಪರಿಶೀಲಿಸಿ ನವದೆಹಲಿಯ ಎಪಿಎಸ್ ಕಚೇರಿ ಇದನ್ನು ಕೊಡುತ್ತದೆ. ಶುಲ್ಕ 18,000 ರೂಪಾಯಿ. ಅನೇಕ ವಿಶ್ವವಿದ್ಯಾಲಯಗಳು ಪ್ರವೇಶ ಅರ್ಜಿಯಲ್ಲೇ ಇದನ್ನು ಕೇಳುತ್ತವೆ. ಆದ್ದರಿಂದ ‘ಮೊದಲು ಸೀಟು ಸಿಗಲಿ, ಆಮೇಲೆ ಎಪಿಎಸ್ ನೋಡೋಣ’ ಎಂದು ಕಾಯಬೇಡಿ.

ಇದಕ್ಕೆ 10ನೇ ಮತ್ತು 12ನೇ ತರಗತಿಯ ಅಂಕಪಟ್ಟಿ, ಪದವಿಯ ಎಲ್ಲಾ ಸೆಮಿಸ್ಟರ್‌ಗಳ ಅಂಕಪಟ್ಟಿ, ಪದವಿ ಪತ್ರ ಅಥವಾ ಪ್ರೊವಿಷನಲ್ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಪ್ರತಿ ಮುಂತಾದವು ಬೇಕು. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಲು ಅವಕಾಶವಿದೆ. ಯಾರಿಗೆ ಯಾವ ಕಾಗದ ಎಂಬ ಪಟ್ಟಿ ಎಪಿಎಸ್ ಇಂಡಿಯಾ ಜಾಲತಾಣದಲ್ಲಿದೆ. ಅರಿಯರ್ ಪರೀಕ್ಷೆ ಬರೆದು ಪಾಸಾದವರು ಆ ಅಂಕಪಟ್ಟಿಗಳನ್ನೂ ಬಿಡದೆ ಸೇರಿಸಬೇಕು. ಮುಚ್ಚಿಟ್ಟರೆ ಒಳ್ಳೆಯದಾಗುವುದಿಲ್ಲ, ಪರಿಶೀಲನೆ ಇರುವುದೇ ಅದಕ್ಕಾಗಿ.

ಇನಿಷಿಯಲ್ ತಂದ ತೊಡಕು

ತಮಿಳುನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮನೆತನದ ಹೆಸರು ಇರುವುದಿಲ್ಲ. ತಂದೆಯ ಹೆಸರಿನ ಮೊದಲ ಅಕ್ಷರವೇ ಇನಿಷಿಯಲ್. ಶಾಲೆಯ ಅಂಕಪಟ್ಟಿಯಲ್ಲಿ ‘ಮಂಜುನಾಥ್ ಆರ್’, ಪದವಿ ಪತ್ರದಲ್ಲಿ ‘ಆರ್. ಮಂಜುನಾಥ್’, ಪಾಸ್‌ಪೋರ್ಟಿನಲ್ಲಿ ‘ಮಂಜುನಾಥ್ ರಂಗಸ್ವಾಮಿ’ ಎಂದು ಮೂರು ಬಗೆಯಲ್ಲಿ ಇರುವುದು ತೀರಾ ಸಾಮಾನ್ಯ. ನಮಗೆ ಮೂವರೂ ಒಬ್ಬರೇ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಜರ್ಮನಿಯ ಕಚೇರಿಯಲ್ಲಿ ಕುಳಿತವರಿಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಬೇರೆ ಎಲ್ಲಕ್ಕಿಂತ ಮೊದಲು ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು ಹೋಲಿಸಿ ನೋಡಿ. ಪಾಸ್‌ಪೋರ್ಟ್ ಇನ್ನೂ ಮಾಡಿಸದಿದ್ದರೆ ಇನಿಷಿಯಲ್ ಬಿಡಿಸಿ ಬರೆಯುವ ಕ್ರಮವನ್ನು ಈಗಲೇ ನಿರ್ಧರಿಸಿ. ಎರಡೂ ಜಿಲ್ಲೆಗಳವರು ಕೊಯಮತ್ತೂರು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಪಾಸ್‌ಪೋರ್ಟ್ ಆಗಲೇ ಕೈಯಲ್ಲಿದ್ದು ಹೆಸರು ಬೇರೆಯಾಗಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗೆ ಇಟ್ಟುಕೊಳ್ಳಿ. ಎಲ್ಲಾ ಅರ್ಜಿಗಳಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ತುಂಬಿ.

ಕಾಗದಗಳು ಇಂಗ್ಲಿಷ್ ಅಥವಾ ಜರ್ಮನ್‌ನಲ್ಲಿ ಇರಬೇಕು. ತಮಿಳಿನಲ್ಲೋ ಕನ್ನಡದಲ್ಲೋ ಮಾತ್ರ ಇರುವ ಪತ್ರಗಳಿಗೆ ಅಧಿಕೃತ ಅನುವಾದ ಮಾಡಿಸಬೇಕಾಗುತ್ತದೆ.

ಅಂಕಗಳ ಲೆಕ್ಕ

ಜರ್ಮನಿಯಲ್ಲಿ ಅಂಕದ ಲೆಕ್ಕ ನಮ್ಮದಕ್ಕೆ ತಲೆಕೆಳಗು. ಅಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ಪಾಸ್. ನಮ್ಮ ಅಂಕವನ್ನು ಅವರ ಅಂಕಕ್ಕೆ ಬದಲಿಸಲು ಒಂದು ಸೂತ್ರ ಇದೆ. ಗರಿಷ್ಠ ಅಂಕದಿಂದ ನೀವು ಪಡೆದ ಅಂಕ ಕಳೆಯಿರಿ. ಗರಿಷ್ಠ ಅಂಕದಿಂದ ಪಾಸಾಗಲು ಬೇಕಾದ ಕನಿಷ್ಠ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ.

ಉದಾಹರಣೆಗೆ ನಿಮ್ಮ ಸಿಜಿಪಿಎ 10ಕ್ಕೆ 8. ಪಾಸಾಗಲು ಕನಿಷ್ಠ 5 ಎಂದಿದ್ದರೆ ಜರ್ಮನ್ ಅಂಕ 2.2 ಆಗುತ್ತದೆ. ಕನಿಷ್ಠ 6 ಎಂದಿದ್ದರೆ ಅದೇ ಸಿಜಿಪಿಎಗೆ 2.5 ಆಗುತ್ತದೆ. ಕೆಲವು ಕೋರ್ಸ್‌ಗಳು 2.5ಕ್ಕಿಂತ ಹಿಂದುಳಿದವರನ್ನು ಪರಿಗಣಿಸುವುದೇ ಇಲ್ಲವಾದ್ದರಿಂದ ಈ ವ್ಯತ್ಯಾಸ ಚಿಕ್ಕದಲ್ಲ. ಅಣ್ಣಾ ವಿಶ್ವವಿದ್ಯಾಲಯದಲ್ಲಿ 2017ರ ಮತ್ತು 2021ರ ರೆಗ್ಯುಲೇಷನ್‌ಗಳಲ್ಲಿ ಗ್ರೇಡ್ ಪಟ್ಟಿ ಬೇರೆ ಬೇರೆ. ನಿಮ್ಮ ಬ್ಯಾಚಿಗೆ ಯಾವುದು ಅನ್ವಯ ಎಂದು ಅಂಕಪಟ್ಟಿಯ ಹಿಂಬದಿಯಲ್ಲಿ ನೋಡಿ.

ಅಂಕದಷ್ಟೇ ಮುಖ್ಯವಾದದ್ದು ನೀವು ಓದಿದ ವಿಷಯಗಳು. ಇಂತಿಷ್ಟು ಕ್ರೆಡಿಟ್ ಗಣಿತ, ಇಂತಿಷ್ಟು ಮೆಕ್ಯಾನಿಕ್ಸ್ ಓದಿರಬೇಕು ಎಂದು ಅನೇಕ ಕೋರ್ಸ್‌ಗಳು ಹೇಳುತ್ತವೆ. ಅದನ್ನು ತೋರಿಸಲು ಸಿಲಬಸ್ ಬೇಕು. ಪಿಎಸ್‌ಜಿ ಟೆಕ್, ಸಿಐಟಿ, ಜಿಸಿಟಿಯಂಥ ಸ್ವಾಯತ್ತ ಕಾಲೇಜುಗಳಿಗೆ ತಮ್ಮದೇ ಸಿಲಬಸ್ ಇರುವುದರಿಂದ ಕಾಲೇಜಿನಿಂದಲೇ ಪಡೆದುಕೊಳ್ಳಬೇಕು. ಕಾಲೇಜು ಬಿಡುವ ಮೊದಲೇ ಈ ಕೆಲಸ ಮುಗಿಸಿದರೆ ಮತ್ತೆ ಅಲೆಯುವುದು ತಪ್ಪುತ್ತದೆ.

ಭಾಷೆ

ಇಂಗ್ಲಿಷ್ ಕೋರ್ಸ್‌ಗಳಿಗೆ ಐಇಎಲ್‌ಟಿಎಸ್ ಅಥವಾ ಟೋಫೆಲ್ ಬೇಕು. ಐಇಎಲ್‌ಟಿಎಸ್‌ನಲ್ಲಿ 6.5 ಇದ್ದರೆ ಹೆಚ್ಚಿನ ಕಡೆ ನಡೆಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಪತ್ರವನ್ನು ಕೆಲವರು ಮಾತ್ರ ಒಪ್ಪುತ್ತಾರೆ. ಜರ್ಮನ್ ಮಾಧ್ಯಮದ ಕೋರ್ಸ್‌ಗಳಿಗೆ ಟೆಸ್ಟ್‌ಡಾಫ್, ಡಿಎಸ್‌ಎಚ್ ಮುಂತಾದ ಪರೀಕ್ಷೆಗಳಿವೆ.

ಪಾಠ ಇಂಗ್ಲಿಷ್‌ನಲ್ಲಿ ನಡೆದರೂ ಅಂಗಡಿ, ಆಸ್ಪತ್ರೆ, ಬಾಡಿಗೆ ಮನೆ, ಪಾರ್ಟ್‌ಟೈಮ್ ಕೆಲಸ ಎಲ್ಲಕ್ಕೂ ಜರ್ಮನ್ ಬೇಕು. ಹೊರಡುವ ಮೊದಲು ಎ2 ಹಂತದವರೆಗಾದರೂ ಕಲಿತರೆ ಅನುಕೂಲ. ಗೊಯ್ಥೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಚೆನ್ನೈ ಮತ್ತು ಬೆಂಗಳೂರಿನಲ್ಲಿದೆ. ಆನ್‌ಲೈನ್ ತರಗತಿಗಳೂ ಇವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ಮಕ್ಕಳಿಗೆ ನಾಲ್ಕನೆಯ ಭಾಷೆ ಹೊರೆಯಾಗಲಾರದು. ಬಯೋಡೇಟಾದಲ್ಲಿ ಈ ಮೂರೂ ಭಾಷೆಗಳನ್ನು ಸಂಕೋಚವಿಲ್ಲದೆ ಬರೆಯಿರಿ.

ಅರ್ಜಿ ಹಾಕುವುದು ಹೇಗೆ?

ಜರ್ಮನಿಯಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್. ಚಳಿಗಾಲದ್ದು ಅಕ್ಟೋಬರ್‌ನಲ್ಲಿ, ಬೇಸಿಗೆಯದು ಏಪ್ರಿಲ್‌ನಲ್ಲಿ ಸಾಮಾನ್ಯವಾಗಿ ಆರಂಭ. ಅರ್ಜಿಗೆ ಕೊನೆಯ ದಿನ ಜುಲೈ 15 ಮತ್ತು ಜನವರಿ 15 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಇದನ್ನೇ ನಂಬಿ ಕೂರಬೇಡಿ. ಭಾರತೀಯರಿಗೆ ಎಪಿಎಸ್, ವೀಸಾಗಳಿಗೆ ಸಮಯ ಬೇಕಾಗುವುದರಿಂದ ಅನೇಕ ಮಾಸ್ಟರ್ಸ್ ಕೋರ್ಸ್‌ಗಳ ಗಡುವು ಮಾರ್ಚ್‌ನಿಂದ ಮೇ ನಡುವೆಯೇ ಮುಗಿಯುತ್ತದೆ.

ಕೆಲವು ವಿಶ್ವವಿದ್ಯಾಲಯಗಳು ನೇರವಾಗಿ ಅರ್ಜಿ ಪಡೆಯುತ್ತವೆ. ಇನ್ನು ಕೆಲವು ‘ಯುನಿ-ಅಸಿಸ್ಟ್’ ಎಂಬ ಸಂಸ್ಥೆಯ ಮೂಲಕ ಪಡೆಯುತ್ತವೆ. ಯುನಿ-ಅಸಿಸ್ಟ್‌ನಲ್ಲಿ ಒಂದು ಸೆಮಿಸ್ಟರ್‌ಗೆ ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿ ಅರ್ಜಿಗೆ 30 ಯೂರೋ ಶುಲ್ಕ. ಐದು ಕಡೆ ಹಾಕಿದರೆ 195 ಯೂರೋ. ಲೆಕ್ಕಕ್ಕೆ ಸುಲಭವಾಗಲೆಂದು ಯೂರೋಗೆ 100 ರೂಪಾಯಿ ಎಂದು ಹಿಡಿದರೆ 19,500 ರೂಪಾಯಿ ಆಯಿತು. ಎಪಿಎಸ್ ಮತ್ತು ಐಇಎಲ್‌ಟಿಎಸ್ ಶುಲ್ಕ ಸೇರಿಸಿದರೆ ಸೀಟು ಸಿಗುವ ಮೊದಲೇ ಖರ್ಚು ಅರ್ಧ ಲಕ್ಷ ದಾಟುತ್ತದೆ. ಹಾಗಾಗಿ ಅಂಕ ಮತ್ತು ಸಿಲಬಸ್ ಹೊಂದುವ ಕೋರ್ಸ್‌ಗಳಿಗೆ ಮಾತ್ರ ಅರ್ಜಿ ಹಾಕುವುದು ಜಾಣತನ.

ಯುನಿ-ಅಸಿಸ್ಟ್ ಪರಿಶೀಲನೆಗೆ ಹಲವು ವಾರ ಹಿಡಿಯುತ್ತದೆ. ಗಡುವಿಗೆ ಎಂಟು ವಾರ ಮೊದಲೇ ಅರ್ಜಿ ಸಲ್ಲಿಸಿದರೆ, ಯಾವುದಾದರೂ ಕಾಗದ ಕಡಿಮೆಯಾದರೆ ಕಳಿಸಲು ಸಮಯ ಇರುತ್ತದೆ.

ಅರ್ಜಿಯ ಜೊತೆ ‘ಈ ಕೋರ್ಸ್ ಏಕೆ’ ಎಂಬ ಪತ್ರ ಬರೆಯಬೇಕು. ಅಂತರ್ಜಾಲದಿಂದ ಎತ್ತಿದ ಮಾತು ಬೇಡ. ಡೈಯಿಂಗ್ ಘಟಕದ ನೀರಿನ ಸಮಸ್ಯೆ ನೋಡಿದ್ದರೆ ಅದನ್ನು ಬರೆಯಿರಿ. ಪಂಪ್ ತಯಾರಿಕೆಯ ಘಟಕದಲ್ಲಿ ತರಬೇತಿ ಪಡೆದಿದ್ದರೆ ಅಲ್ಲಿ ನೀವು ಮಾಡಿದ ಕೆಲಸ ಬರೆಯಿರಿ. ಅದು ನಿಮ್ಮದೇ ಮಾತು ಎಂದು ಓದುವವರಿಗೆ ತಿಳಿಯುತ್ತದೆ.

ಹಣದ ಲೆಕ್ಕ

ಇದನ್ನು ಹೆತ್ತವರು ಗಮನವಿಟ್ಟು ಓದಬೇಕು. ವೀಸಾ ಪಡೆಯಲು ಒಂದು ವರ್ಷದ ಜೀವನ ವೆಚ್ಚಕ್ಕೆ ಹಣ ಇದೆ ಎಂದು ತೋರಿಸಬೇಕು. 2024ರ ಸೆಪ್ಟೆಂಬರ್ 1ರಿಂದ ಈ ಮೊತ್ತ 11,904 ಯೂರೋ. ನಮ್ಮ ಲೆಕ್ಕದಲ್ಲಿ 11,90,400 ರೂಪಾಯಿ. ಇದನ್ನು ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಇಡಬೇಕು. ಜರ್ಮನಿ ತಲುಪಿದ ಮೇಲೆ ತಿಂಗಳಿಗೆ 992 ಯೂರೋದಂತೆ ವಿದ್ಯಾರ್ಥಿಗೆ ವಾಪಸ್ ಸಿಗುತ್ತದೆ. ಅದು ಶುಲ್ಕವಲ್ಲ, ನಿಮ್ಮದೇ ಹಣ. ಮೊತ್ತ ಆಗಾಗ ಏರುವುದರಿಂದ ಹಣ ಕಳಿಸುವ ಮೊದಲು ರಾಯಭಾರ ಕಚೇರಿಯ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಮನೆ, ಜಮೀನಿನ ಪತ್ರ ತೋರಿಸಿದರೆ ಸಾಕು ಎಂದು ಕೆಲವರು ತಿಳಿದಿರುತ್ತಾರೆ. ಅದು ಇದಕ್ಕೆ ಬದಲಿಯಾಗದು. ವಿದ್ಯಾರ್ಥಿವೇತನ ಸಿಕ್ಕಿದ್ದರೆ, ಅಥವಾ ಜರ್ಮನಿಯಲ್ಲಿ ನೆಲೆಸಿರುವ ಬಂಧುಗಳು ಅಲ್ಲಿನ ಕಚೇರಿಯಲ್ಲಿ ಅಧಿಕೃತವಾಗಿ ಹೊಣೆ ಬರೆದುಕೊಟ್ಟರೆ ಆಗ ಬೇರೆ ಮಾತು.

ಬೋಧನಾ ಶುಲ್ಕದ ವಿಷಯದಲ್ಲೂ ವಿನಾಯಿತಿಗಳಿವೆ. ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017-18ರ ಚಳಿಗಾಲದ ಸೆಮಿಸ್ಟರ್‌ನಿಂದ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ಇದೆ. ಮೇಲೆ ಹೇಳಿದ ರಾಯ್ಟ್‌ಲಿಂಗೆನ್, ಹೊಹೆನ್‌ಹೈಮ್, ಹೈಡಲ್‌ಬರ್ಗ್ ಮೂರೂ ಇದೇ ರಾಜ್ಯದಲ್ಲಿವೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024-25ರ ಚಳಿಗಾಲದಿಂದ ಹೊಸದಾಗಿ ಸೇರುವ ಇಂಥ ವಿದ್ಯಾರ್ಥಿಗಳಿಗೆ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ವಿಧಿಸಿದೆ. ಶುಲ್ಕ ಇಲ್ಲದ ಕಡೆಯೂ ಸೆಮಿಸ್ಟರ್ ವಂತಿಗೆ ಎಂದು ನೂರರಿಂದ ನಾನೂರು ಯೂರೋ ಕಟ್ಟಬೇಕು. ಅನೇಕ ಕಡೆ ಇದರಲ್ಲೇ ಬಸ್ಸು, ರೈಲಿನ ಪಾಸು ಸೇರಿರುತ್ತದೆ. ಆರೋಗ್ಯ ವಿಮೆ ಕಡ್ಡಾಯ, ಅದಕ್ಕೆ ತಿಂಗಳಿಗೆ 150 ಯೂರೋ ಆಸುಪಾಸು ತೆಗೆದಿಡಬೇಕು.

ಸಾಲ ಪಡೆಯುವವರು ಬ್ಲಾಕ್ಡ್ ಅಕೌಂಟ್‌ಗೆ ಕಟ್ಟುವ ಹಣವೂ ಸಾಲದಲ್ಲಿ ಸೇರುತ್ತದೆಯೇ, ಅದನ್ನು ವೀಸಾಗೆ ಮೊದಲೇ ಬಿಡುಗಡೆ ಮಾಡುತ್ತಾರೆಯೇ ಎಂದು ಬ್ಯಾಂಕಿನಲ್ಲಿ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬ್ಯಾಂಕಿನ ಶಿಕ್ಷಣ ಸಾಲದಿಂದ ವಿದೇಶಕ್ಕೆ ಕಳಿಸುವ ಹಣಕ್ಕೆ 2025ರ ಏಪ್ರಿಲ್ 1ರಿಂದ ಟಿಸಿಎಸ್ ತೆರಿಗೆ ಕಡಿತ ಇಲ್ಲ.

ವೀಸಾ: ಚೆನ್ನೈಗೋ, ಬೆಂಗಳೂರಿಗೋ?

ಬೆಂಗಳೂರು, ಮೈಸೂರುಗಳಲ್ಲಿ ನೆಂಟರಿರುವುದರಿಂದ ಬೆಂಗಳೂರಿನಲ್ಲೇ ಅರ್ಜಿ ಹಾಕಬಹುದೇ ಎಂಬ ಪ್ರಶ್ನೆ ಬರುತ್ತದೆ. ತಮಿಳುನಾಡಿನ ನಿವಾಸಿಗಳು ಚೆನ್ನೈನ ಜರ್ಮನ್ ಕಾನ್ಸುಲೇಟ್ ಜನರಲ್ ವ್ಯಾಪ್ತಿಗೆ ಬರುತ್ತಾರೆ. ಬೆಂಗಳೂರಿನ ಕಚೇರಿ ಕರ್ನಾಟಕ, ಕೇರಳದವರಿಗೆ. ಇಲ್ಲಿಯೇ ವಾಸವಿದ್ದು ನೆಂಟರ ವಿಳಾಸ ಕೊಡುವುದು ತೊಂದರೆಗೆ ದಾರಿ.

ವೀಸಾ ಶುಲ್ಕ 75 ಯೂರೋ. ಪ್ರವೇಶ ಪತ್ರ, ಎಪಿಎಸ್, ಹಣದ ದಾಖಲೆ, ಭಾಷಾ ಪರೀಕ್ಷೆಯ ಫಲಿತಾಂಶ, ಅಂಕಪಟ್ಟಿಗಳು, ವಿಮೆ ಎಲ್ಲವೂ ಸಿದ್ಧವಿರಬೇಕು. ಇಲ್ಲಿ ಒಂದು ಬದಲಾವಣೆಯನ್ನು ಮರೆಯಬಾರದು. ಮೊದಲು ವೀಸಾ ತಿರಸ್ಕಾರವಾದರೆ ಅದೇ ಕಚೇರಿಗೆ ಶುಲ್ಕವಿಲ್ಲದೆ ಮರುಪರಿಶೀಲನೆಯ ಮನವಿ ಕೊಡಬಹುದಿತ್ತು. 2025ರ ಜುಲೈ 1ರಿಂದ ಆ ವ್ಯವಸ್ಥೆ ರದ್ದಾಗಿದೆ. ಈಗ ಉಳಿದಿರುವುದು ಹೊಸದಾಗಿ ಅರ್ಜಿ ಹಾಕುವುದು ಅಥವಾ ಬರ್ಲಿನ್ ನ್ಯಾಯಾಲಯಕ್ಕೆ ಹೋಗುವುದು. ಆದ್ದರಿಂದ ಮೊದಲ ಅರ್ಜಿಯೇ ಸರಿಯಾಗಿರಬೇಕು.

ಏಜೆಂಟರ ಮಾತು

ಒಳ್ಳೆಯ ಸಲಹೆಗಾರರೂ ಇದ್ದಾರೆ. ಆದರೆ ‘ಸೀಟು ಗ್ಯಾರಂಟಿ’, ‘ವೀಸಾ ಗ್ಯಾರಂಟಿ’ ಎನ್ನುವವರನ್ನು ನಂಬಬೇಡಿ. ಅದನ್ನು ಕೊಡುವ ಅಧಿಕಾರ ಅವರಿಗಿಲ್ಲ. ಉಚಿತವಾದ ಸರ್ಕಾರಿ ವಿಶ್ವವಿದ್ಯಾಲಯ ಕೇಳಿ ಬಂದವರನ್ನು ಲಕ್ಷಗಟ್ಟಲೆ ಶುಲ್ಕದ ಖಾಸಗಿ ಸಂಸ್ಥೆಗೆ ತಿರುಗಿಸುವುದು ಇದೆ. ಹೀಗೆ ಕಮಿಷನ್ ಸಿಗುವ ಕಡೆಗೇ ದಾರಿ ತೋರಿಸುತ್ತಿದ್ದಾರೆಯೇ ಎಂದು ಗಮನಿಸಿ. ಅರ್ಧ ಪಾಠ ಆನ್‌ಲೈನ್‌ನಲ್ಲಿ ನಡೆಯುವ ಖಾಸಗಿ ಕೋರ್ಸ್‌ಗಳಿಗೆ ಸೇರಿದ ವಿದ್ಯಾರ್ಥಿಗಳಿಗೆ 2025ರಲ್ಲಿ ಜರ್ಮನಿಯಲ್ಲಿ ವಾಸದ ಪರವಾನಗಿ ಸಿಗದೆ ತೊಂದರೆಯಾದದ್ದು ಸುದ್ದಿಯಾಗಿತ್ತು. ಹಣ ಕಟ್ಟುವ ಮೊದಲು ಸಂಸ್ಥೆ ಸರ್ಕಾರಿಯೋ ಖಾಸಗಿಯೋ, ತರಗತಿ ಪೂರ್ತಿ ಅಲ್ಲಿಯೇ ನಡೆಯುತ್ತದೆಯೋ ಎಂದು ಕೇಳಿ. ಅರ್ಜಿಯ ಪಾಸ್‌ವರ್ಡ್, ಇಮೇಲ್ ಯಾವಾಗಲೂ ವಿದ್ಯಾರ್ಥಿಯ ಕೈಯಲ್ಲೇ ಇರಲಿ.

ತಲುಪಿದ ಮೇಲೆ

ಸೀಟು ಸಿಕ್ಕ ಕೂಡಲೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ. ಕೋಣೆ ಸಿಗುವುದು ಕಷ್ಟ, ದೊಡ್ಡ ಊರುಗಳಲ್ಲಿ ಇನ್ನೂ ಕಷ್ಟ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ನಂತರ ವಾಸದ ಪರವಾನಗಿ ಪಡೆಯಬೇಕು.

2024ರ ಮಾರ್ಚ್ 1ರಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ಕೂಲಿ 2026ರ ಜನವರಿ 1ರಿಂದ ಗಂಟೆಗೆ 13.90 ಯೂರೋ. ಆದರೂ ಮೊದಲ ತಿಂಗಳಿಂದಲೇ ಕೆಲಸ ಸಿಕ್ಕು ಸಾಲ ತೀರುತ್ತದೆ ಎಂದು ಲೆಕ್ಕ ಹಾಕಬೇಡಿ. ಮೊದಲ ವರ್ಷ ಬ್ಲಾಕ್ಡ್ ಅಕೌಂಟಿನ ಹಣದಲ್ಲೇ ಸಾಗಬೇಕು ಎಂದುಕೊಂಡು ಹೋದರೆ ಓದಿಗೆ ಅಡ್ಡಿಯಾಗುವುದಿಲ್ಲ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಅವಕಾಶ ಇದೆ.

ಒಂದು ವರ್ಷದ ವೇಳಾಪಟ್ಟಿ

ಅಕ್ಟೋಬರ್‌ನಲ್ಲಿ ಸೇರಬೇಕೆಂದು ಇರುವವರು ಹಿಂದಿನ ವರ್ಷದ ಆಗಸ್ಟ್‌ನಲ್ಲೇ ಆರಂಭಿಸಬೇಕು.

- ಆಗಸ್ಟ್, ಸೆಪ್ಟೆಂಬರ್: ಪಾಸ್‌ಪೋರ್ಟ್, ಹೆಸರಿನ ಹೋಲಿಕೆ, ಕೋರ್ಸ್ ಪಟ್ಟಿ
- ಅಕ್ಟೋಬರ್, ನವೆಂಬರ್: ಎಪಿಎಸ್ ಅರ್ಜಿ, ಐಇಎಲ್‌ಟಿಎಸ್, ಜರ್ಮನ್ ತರಗತಿ
- ಡಿಸೆಂಬರ್‌ನಿಂದ ಏಪ್ರಿಲ್: ವಿಶ್ವವಿದ್ಯಾಲಯಗಳಿಗೆ ಅರ್ಜಿ, ಬ್ಯಾಂಕಿನಲ್ಲಿ ಸಾಲದ ವಿಚಾರಣೆ
- ಮೇ, ಜೂನ್: ಪ್ರವೇಶ ಪತ್ರ ಬಂದ ಕೂಡಲೇ ಬ್ಲಾಕ್ಡ್ ಅಕೌಂಟ್, ವೀಸಾ ಅರ್ಜಿ, ಕೋಣೆಗೆ ಅರ್ಜಿ
- ಸೆಪ್ಟೆಂಬರ್: ಪ್ರಯಾಣ

ನಿಯಮಗಳು, ಶುಲ್ಕಗಳು ವರ್ಷ ವರ್ಷ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಎಪಿಎಸ್, ಡಿಎಎಡಿ ಮತ್ತು ಕಾನ್ಸುಲೇಟ್ ಜಾಲತಾಣಗಳಲ್ಲಿ ಇರುವುದೇ ಅಂತಿಮ. ಅಸಲಿ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಡದೆ, ಎಲ್ಲದರ ಸ್ಕ್ಯಾನ್ ಪ್ರತಿ ಇಟ್ಟುಕೊಂಡು, ಗಡುವಿಗೆ ಮೊದಲೇ ಕೆಲಸ ಮುಗಿಸಿ. ಅರ್ಜಿ ಹಾಕುವ ಎಲ್ಲಾ ವಿದ್ಯಾರ್ಥಿಗಳಿಗೂ ಶುಭವಾಗಲಿ.